ಟಾಕಿನ ಪಕ್ಕದ ಮಣಿ

ರಾಯಬಾಗದಲ್ಲಿ ಗೌರಾಬಾಯಿಯ ಮನೆ ಯಾವುದೆಂದು ಕೇಳಿದರೆ ಜನ ಮನೆ ತೋರಿಸುತ್ತಿರಲಿಲ್ಲ, ಕಟ್ಟೆ ತೋರಿಸುತ್ತಿದ್ದರು. ಪೇಟೆಯ ಓಣಿ ತಿರುಗುವಲ್ಲಿ, ಬೇವಿನ ನೆರಳು ಬೀಳುವ ಆ ಕಟ್ಟೆಯ ಮೇಲೆ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಬಲಗಾಲು ನೀಡಿ, ಅದರ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಕರಿಮಣಿ ಪೋಣಿಸುತ್ತಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಮನೆಮಂದಿಯೆಲ್ಲ ಟ್ರ್ಯಾಕ್ಟರ್ ಏರಿ ನಿಪ್ಪಾಣಿಗೋ ಚಿಕ್ಕೋಡಿಗೋ ಹೋಗಿ ಮದುವೆ ಜವಳಿಯ ಬಸ್ತಾ ಕಟ್ಟಿಸಿ, ಸೀರೆ ಧೋತರಗಳ ಗಂಟು ಹೊತ್ತು ತರುವರು. ಅದೆಲ್ಲ ಮುಗಿದ ಮೇಲೆ ತಾಳಿಯ ಕರಿಮಣಿ ಸರ, ಗುಳದಾಳಿ, ಪೋಣಿಸಲು ಹೆಂಗಸರು ಮಾತ್ರ ಈ ಕಟ್ಟೆಗೆ ಬರುವರು.

ಪೋಣಿಸುವವರು ಬೇರೆಯವರೂ ಇದ್ದರು. ಗೌರಾಬಾಯಿಯ ಬಳಿ ಬರುತ್ತಿದ್ದುದು ಆರಿಸುವುದಕ್ಕೆ. ಮದುವೆಯ ದಿನ ಮದುಮಗಳ ಕೊರಳಲ್ಲಿ ಹೊಸದರ ಜೊತೆ ಹಳೆಯದೊಂದು ಇರಬೇಕು ಎಂದು ಆ ಕಡೆಯ ಕೆಲವು ಮನೆಗಳ ನಂಬಿಕೆ. ಯಾವ ಹಳೆಯದು ಎಂಬುದರ ಮೇಲೆ ಪ್ರತಿ ಮನೆಯಲ್ಲೂ ಜಗಳ. ಸೋದರತ್ತೆ ತನ್ನ ಬೋರಮಾಳ ಸರದ ಗುಂಡು ಹಾಕಿ ಎನ್ನುವಳು, ಅಜ್ಜಿ ತನ್ನ ಪುತಳಿ ನಾಣ್ಯ ಹಾಕಿ ಎನ್ನುವಳು. ಗೌರಾಬಾಯಿ ಎಲ್ಲವನ್ನೂ ಒಂದು ಹಿತ್ತಾಳೆ ತಟ್ಟೆಯಲ್ಲಿ ಹಾಕಿಸಿ ಒಂದೊಂದರ ಬಗ್ಗೆಯೂ ಕೇಳುವಳು. ಇದನ್ನು ಯಾರು ತೊಟ್ಟಿದ್ದರು, ತೊಟ್ಟು ಏನು ಕೆಲಸ ಮಾಡುತ್ತಿದ್ದರು, ಅಳುವಾಗ ಇದು ಮೈಮೇಲಿತ್ತೋ ಪೆಟ್ಟಿಗೆಯಲ್ಲಿತ್ತೋ. ಒಮ್ಮೆ ಬಂಗಾರದ ಪುತಳಿಯನ್ನು ಬಿಟ್ಟು, ಅಜ್ಜಿಯೊಬ್ಬಳು ಐವತ್ತು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೀಲಿಗೊಂಚಲಿನ ಬೆಳ್ಳಿ ಗೆಜ್ಜೆಯನ್ನು ಆರಿಸಿದ್ದಳು.

"ಪುತಳಿ ಪೆಟ್ಟಿಗ್ಯಾಗ ಕುಂತಿತ್ತು. ಗೆಜ್ಜಿ ಮನಿತುಂಬ ಅಡ್ಡಾಡೇತಿ. ಸಂಸಾರ ಗೊತ್ತಿರೂದು ಗೆಜ್ಜಿಗೆ," ಎಂದಿದ್ದಳು. ಬೀಗರು ನಕ್ಕರು. ಅಜ್ಜಿ ನಗಲಿಲ್ಲ, ಆ ಗೆಜ್ಜೆಯನ್ನೇ ನೋಡುತ್ತ ಕೂತಳು.

ಇದು ಕಟ್ಟೆಯ ಮೇಲಿನ ಕೆಲಸ. ಇನ್ನೊಂದು ಕೆಲಸವಿತ್ತು. ಅದಕ್ಕೆ ಬರುವವರು ಕಟ್ಟೆಯ ಮೇಲೆ ಕೂರದೆ ಸೀದಾ ಒಳಗೆ ಬರುತ್ತಿದ್ದರು.

ಹೆಂಡತಿ ಸತ್ತ ಗಂಡಸು ಮರುಮದುವೆಯಾದರೆ ತಾಳಿಗಿಂತ ಮೊದಲು ಹೊಸ ಹೆಂಡತಿಯ ಕೊರಳಿಗೆ ಟಾಕು ಬೀಳಬೇಕು. ಟಾಕು ಎಂದರೆ ಉಗುರಿನಷ್ಟಗಲದ ಬೆಳ್ಳಿ ತಗಡು. ಅದರ ಮೇಲೆ ಅಕ್ಕಸಾಲಿಗ ಒಬ್ಬ ಹೆಣ್ಣನ್ನು ಉಬ್ಬಿಸಿರುತ್ತಾನೆ. ಚುಕ್ಕೆಯಂಥ ಎರಡು ಕಣ್ಣು, ಗೆರೆಯಂಥ ಬಾಯಿ. ಅವಳು ಸತ್ತವಳು. ಹೊಸಬಳಿಗೆ ಅವಳು ಅಕ್ಕ. ಹಬ್ಬದ ಮೊದಲ ಅರಿಷಿಣ ಅವಳಿಗೆ. ಹೊಸ ಸೀರೆ ಉಡುವಾಗ ಸೆರಗನ್ನು ಮೊದಲು ಅವಳಿಗೆ ಮುಟ್ಟಿಸಬೇಕು. ಆದರೆ ಬೆಳ್ಳಿಯ ಮುಖ ಎಲ್ಲರದೂ ಒಂದೇ. ಆದ್ದರಿಂದ ಟಾಕಿನ ಪಕ್ಕದಲ್ಲಿ ಸತ್ತವಳ ಸ್ವಂತದ್ದೇ ಒಂದು ವಸ್ತುವನ್ನು ಪೋಣಿಸಬೇಕು, ಅವಳಿಗೆ ತನ್ನ ಗುರುತು ಸಿಗಲೆಂದು.

ಅದನ್ನು ಆರಿಸುವುದನ್ನು ಗೌರಾಬಾಯಿಗೆ ಕಲಿಸಿದವಳು ಅತ್ತೆ ಕೆಂಚವ್ವ.

"ಸತ್ತಾಕಿ ಜೀವಾ ಇಟ್ಟಿದ್ದ ವಸ್ತು ಹಾಕಬ್ಯಾಡ," ಎಂದಿದ್ದಳು ಕೆಂಚವ್ವ. "ಅದನ್ನ ಹುಡುಕ್ಕೊಂಡ ಬರ್ತಾಳ, ಬಂದಾಕಿ ಹೋಗೂದಿಲ್ಲ. ಬ್ಯಾಡಾಗಿದ್ದದ್ದನ್ನೂ ಹಾಕಬ್ಯಾಡ, ಸಿಟ್ಟಾಗ್ತಾಳ. ದಿನಾ ಮೈಮ್ಯಾಲಿದ್ದೂ ನೆನಪಿಲ್ಲದ್ದು ಒಂದ ಇರತೈತಿ ನೋಡು, ಕಾಲುಂಗರದಂಥಾದ್ದು, ಅದನ್ನ ಹಾಕು. ಬಾಗಲಾಗ ನಿಂತ ನೋಡ್ತಾಳ, ನಂದ ಐತಿ ಅಂತಾಳ, ಹೋಗ್ತಾಳ."

"ಜೀವಾ ಇಟ್ಟಿದ್ದು ಯಾವುದಂತ ನಾ ಹೆಂಗ ತಿಳಕೊಳ್ಳೂದ್ರಿ ಅತ್ತಿ?"

"ಹಡದಾಕಿನ್ನ ಕೇಳು, ಆಕಿಗೆ ಗೊತ್ತಿರತೈತಿ. ಆದ್ರ ಆಕಿ ಹೇಳಿದ್ದನ್ನ ನಂಬಬ್ಯಾಡ."

ಆ ಕೊನೆಯ ಮಾತು ಗೌರಾಬಾಯಿಗೆ ಅರ್ಥವಾದದ್ದು ಎಂಬತ್ನಾಲ್ಕರಲ್ಲಿ. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯೊಂದರಲ್ಲಿ ಎರಡನೇ ಸಂಬಂಧ. ಸತ್ತ ಹುಡುಗಿಯ ತಾಯಿ ಹಸಿರು ಗಾಜಿನ ಗುಂಡಿಯೊಂದನ್ನು ಮುಂದಕ್ಕೆ ಸರಿಸಿ, "ಇದೇನ ಬಿಡ್ರಿ, ಕುಬಸದ ಗುಂಡಿ, ದಿನಾ ಇರತಿತ್ತು," ಎಂದಳು. ಗೌರಾಬಾಯಿ ನಂಬಿ ಪೋಣಿಸಿದಳು. ಎರಡು ತಿಂಗಳಿಗೆ ಆ ಮನೆಯವರು ಬಂದರು. ಹೊಸ ಸೊಸೆ ನಡುಮಧ್ಯಾಹ್ನ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಎಮ್ಮೆಗಳನ್ನು ಹೆಸರು ಹಿಡಿದು ಕರೆಯುತ್ತಾಳಂತೆ. ಅವಳು ಆ ಮನೆ ಹೊಗುವ ಮೊದಲೇ ಮಾರಿಹೋಗಿದ್ದ ಎಮ್ಮೆಗಳು ಅವು. ಗೌರಾಬಾಯಿ ಗುಂಡಿ ತೆಗೆದು ಕಾಲುಂಗರದ ಚೂರು ಪೋಣಿಸಿದಳು. ಕರೆಯುವುದು ನಿಂತಿತು. ಗುಂಡಿಯನ್ನು ತಾಯಿಗೆ ಮುಟ್ಟಿಸಲು ಹೋದರೆ ಆಕೆ ಬಾಗಿಲಲ್ಲೇ ಇಸಿದುಕೊಂಡು, "ಇನ್ನೊಂದ ತಿಂಗಳ ಬಿಟ್ಟಿದ್ರ ನಿಮಗೇನ ಆಗತಿತ್ತು?" ಎಂದಳು. ಎಂಥ ಹೆಂಗಸು ಇವಳು ಎಂದು ಗೌರಾಬಾಯಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದುಕೊಂಡಿದ್ದಳು.

ಅವಳಿಗೆ ಒಬ್ಬಳೇ ಮಗಳು, ಸಕ್ಕುಬಾಯಿ. ಗಂಡ ನಾಮದೇವ ಒಳಮನೆಯಲ್ಲಿ ಉಡದಾರ ಹೊಸೆದು ಸಂತೆಗಳಿಗೆ ಒಯ್ಯುವವನು. ತಾಯಿ ಮಗಳು ಕಟ್ಟೆಯ ಮೇಲೆ. ಸಕ್ಕು ನಾಲ್ಕು ವರ್ಷದವಳಿದ್ದಾಗಲೇ ತಾಯಿಯ ಹೆಬ್ಬೆರಳಿನಿಂದ ದಾರ ಬಿಡಿಸಿಕೊಂಡು, "ನಿನ್ನ ಕಾಲ ಬ್ಯಾನಿ ಆಗತೈತಿ ಬೇ, ನಾ ಹಿಡೀತೀನಿ," ಎಂದು ತುದಿ ಹಿಡಿದು ಕೂರುತ್ತಿದ್ದಳು. ಒಂದು ಗಳಿಗೆಯೂ ಅಲುಗದೆ ಹಿಡಿಯುತ್ತಿದ್ದಳು. ಎಂಬತ್ತೇಳರಲ್ಲಿ ಅವಳನ್ನು ಉಗಾರ ಖುರ್ದದ ಅಣ್ಣಾಸಾಬನಿಗೆ ಕೊಟ್ಟರು. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಮೆತ್ತನೆಯ ಮಾತಿನ ಹುಡುಗ. ತೊಂಬತ್ತರ ಮಾಘದಲ್ಲಿ ಕಾಮಾಲೆ ಆಗಿ, ಒಂಬತ್ತು ದಿನ ಮಲಗಿ, ಸಕ್ಕು ಸತ್ತಳು. ಮಕ್ಕಳಿರಲಿಲ್ಲ. ದಿನಕರ್ಮ ಮುಗಿದ ಮೇಲೆ ಅಣ್ಣಾಸಾಬ ಅವಳ ತಗಡಿನ ಪೆಟ್ಟಿಗೆಯನ್ನು ತವರಿಗೆ ತಂದಿಟ್ಟು, ನೀರು ಕುಡಿದು ಹೋದ.

ಗೌರಾಬಾಯಿ ಆ ಪೆಟ್ಟಿಗೆ ತೆರೆಯಲಿಲ್ಲ. ಹೊರಸಿನ ಕೆಳಗೆ ಸರಿಸಿ, ಮರುದಿನ ಕಟ್ಟೆಗೆ ಹೋಗಿ ಹೆಬ್ಬೆರಳಿಗೆ ದಾರ ಸಿಕ್ಕಿಸಿದಳು. ಕೆಲಸ ಮೊದಲಿನಂತೆಯೇ ನಡೆಯಿತು. ಎಣಿಸಿ ಹಾಕಿದ ಮಣಿಗಳಲ್ಲಿ ಮಾತ್ರ ಆಗಾಗ ಒಂದು ಹೆಚ್ಚು ಬರುತ್ತಿತ್ತು. ನೂರೆಂಟು ಎಣಿಸಿ ಪೋಣಿಸಿದರೆ ನೂರಾ ಒಂಬತ್ತು. ಬಿಚ್ಚಿ ಎಣಿಸಿದರೆ ನೂರೆಂಟು. ನಾಮದೇವ ಇದನ್ನು ಕೇಳಿ, "ವಯಸ್ಸಾತು, ಚಾಳೀಸ ಹಾಕ್ಕೋ," ಎಂದ. ಹೇಳಿದವನು ಆ ದಿನ ತಾನೂ ಉಡದಾರಕ್ಕೆ ಒಂದು ಎಳೆ ಹೆಚ್ಚು ಹೊಸೆದಿದ್ದ.

ತೊಂಬತ್ತೊಂದರ ದೀಪಾವಳಿ ಕಳೆದು, ಕಬ್ಬಿಗೆ ಬಿಳಿ ತುರಾಯಿ ಬಂದಿದ್ದ ಒಂದು ಮಧ್ಯಾಹ್ನ, ಗುರುತಿಲ್ಲದ ಇಬ್ಬರು ಹೆಂಗಸರು ಕಟ್ಟೆ ದಾಟಿ ಸೀದಾ ಒಳಗೆ ಬಂದರು. ದೊಡ್ಡವಳು ಕುಡಚಿ ಕಡೆಯ ಹಳ್ಳಿಯ ಕೆಂಪವ್ವ. ಕುರಿ ಕಾಯುವ ಮನೆಯವಳು, ಗಂಡನಿಲ್ಲದವಳು. ಹಿಂದೆ ನಿಂತವಳು ಮಗಳು ಭೀಮಾಬಾಯಿ. ಎತ್ತರದ ಹುಡುಗಿ, ಹತ್ತೊಂಬತ್ತು ಇರಬಹುದು. ಹುಣಸೆಕಾಯಿ ಕಡಿಯುತ್ತ ಗೂಡಿನಲ್ಲಿದ್ದ ಮಣಿಯ ಬಾಟಲಿಗಳನ್ನು ನೋಡುತ್ತಿದ್ದಳು.

ಕೆಂಪವ್ವ ಕೂತಳು, ಎದ್ದಳು, ಮತ್ತೆ ಕೂತಳು. "ಹೆಂಗ ಹೇಳಬೇಕ ತಿಳೀವಲ್ದರಿ ಅಕ್ಕಾರ. ಉಗಾರದ ಅಣ್ಣಾಸಾಬಗ ಈಕಿನ್ನ ಕೊಡೂದಾಗೇತಿ."

ಒಳಗೆ ಉಡದಾರ ಹೊಸೆಯುವ ಸದ್ದು ನಿಂತಿತು.

"ಟಾಕು ಮಾಡಸೀವಿ. ಪಕ್ಕದಾಗ ಹಾಕೂದು ನೀವ ಆರಿಸಿ ಕೊಡಬೇಕ್ರಿ. ಬ್ಯಾರೇದಾರ ಕಡೆ ಹೋಗೂಣಂದ್ರ, ಪೆಟಿಗಿ ನಿಮ್ಮ ಮನ್ಯಾಗ ಐತಿ, ಹಡದಾಕಿನೂ ನೀವ, ಆರಸಾಕಿನೂ ನೀವ." ಕೆಂಪವ್ವ ಸೆರಗಿನ ಗಂಟಿನಿಂದ ಟಾಕು ಬಿಚ್ಚಿ ನೆಲದ ಮೇಲಿಟ್ಟಳು. "ನನಗೂ ಇದೊಂದ ಕೂಸ್ರಿ. ಈಕಿಗೆ ಏನೂ ಆಗಬಾರದು, ಅಷ್ಟ ನೋಡ್ರಿ."

ಗೌರಾಬಾಯಿ ಟಾಕು ಎತ್ತಿಕೊಂಡಳು. ಎರಡು ಚುಕ್ಕೆ, ಒಂದು ಗೆರೆ. ಇಂಥವನ್ನು ಅವಳು ನಲವತ್ತಾದರೂ ಪೋಣಿಸಿದ್ದಳು. ಇದು ಮಾತ್ರ ಕೈಯಲ್ಲಿ ಬಿಸಿಯಾಗಿತ್ತು. ಕೆಂಪವ್ವನ ಮಡಿಲಲ್ಲಿದ್ದದ್ದಕ್ಕೆ ಎಂದುಕೊಂಡಳು.

"ಹುಣಚಿಕಾಯಿ ಉಗಳ ಬೇ, ದೊಡ್ಡವರ ಮುಂದ ನಿಂತೀದಿ," ಎಂದು ಕೆಂಪವ್ವ ಮಗಳನ್ನು ಗದರಿಸಿದಳು. "ಕುರಿ ಹಿಂದ ಬೆಳದಾಕಿರಿ. ಅದರಾಗ ಎಡಚಿ. ಎಡಗೈಲೇ ಉಣತಾಳ, ಎಡಗೈಲೇ ಬಡಿಸ್ತಾಳ. ಬೀಗರು ಅನ್ನೂದೈತಿ."

"ಅಂದ್ರ ಅನ್ಲಿ ಬಿಡ. ಬಲಗೈಲೇ ಬಡಿಸಿದ್ರ ಸಾರು ಸಪ್ಪಗಾಗತೈತಿ," ಎಂದಳು ಹುಡುಗಿ. ಆಮೇಲೆ ಗೌರಾಬಾಯಿಯ ಕಡೆ ತಿರುಗಿ, ನಗು ಬಿಟ್ಟು ಕೇಳಿದಳು. "ದೊಡ್ಡವ್ವ, ಅಕ್ಕ ಹೆಂಗಿದ್ಲರಿ? ಭಾಳ ಸಿಟ್ಟಿನಾಕಿ?"

ಎರಡು ವರ್ಷದಲ್ಲಿ ಸಕ್ಕು ಹೇಗಿದ್ದಳು ಎಂದು ಯಾರೂ ಕೇಳಿರಲಿಲ್ಲ. ಗೌರಾಬಾಯಿ ಟಾಕನ್ನು ತಟ್ಟೆಯಲ್ಲಿಟ್ಟು, "ನಾಡದ ಬರ್ರಿ," ಎಂದಷ್ಟೇ ಹೇಳಿದಳು.

ಮರುದಿನ ನಾಮದೇವ ಚಿಕ್ಕೋಡಿ ಸಂತೆಗೆ ಹೋದಮೇಲೆ ಅವಳು ಪೆಟ್ಟಿಗೆ ಎಳೆದಳು. ಹನ್ನೆರಡರ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಮುಚ್ಚಳ ತೆಗೆದೊಡನೆ ಸಕ್ಕುವಿನ ತಲೆಯ ಎಣ್ಣೆಯ ವಾಸನೆ, ಈಗಷ್ಟೇ ಎದ್ದುಹೋದಂತೆ. ಎರಡು ಸೀರೆ, ಕನ್ನಡಿ, ಕುಂಕುಮದ ಡಬ್ಬಿ. ಒಂದು ಚೀಟಿ ಬಟ್ಟೆಯಲ್ಲಿ ಕಾಲುಂಗರಗಳು, ಸವೆದು ತೆಳ್ಳಗಾಗಿದ್ದವು. ಕಾಲುಂಗರ ಇದೆ ಎಂದು ಸಕ್ಕುವಿಗೆ ಎಂದಾದರೂ ನೆನಪಿತ್ತೇ? ಹಾಕಬೇಕಾದ್ದು ಅದೇ. ಗೌರಾಬಾಯಿ ಅದನ್ನು ತಟ್ಟೆಗೆ ಹಾಕಿದಳು.

ಬಟ್ಟೆಯ ಮೂಲೆಯ ಇನ್ನೊಂದು ಗಂಟಿನಲ್ಲಿ ನೀಲಿ ಮಣಿ ಇತ್ತು.

ಕುಡಚಿಯ ಬಳೆಗಾರನೊಬ್ಬ ಮಣಿ ಕೊಂಡದ್ದಕ್ಕೆ ಕೊಸರು ಎಂದು ಕೊಟ್ಟಿದ್ದ ಒಂಟಿ ಗಾಜು ಅದು, ಕಡಲೆಯಷ್ಟು ದಪ್ಪ. ಮೂರು ವರ್ಷದ ಸಕ್ಕು ಅದನ್ನು ಬಾಯಿಗೆ ಹಾಕಿಕೊಂಡಿದ್ದಳು. ನುಂಗೀಯಾ ಎಂದು ಬೈದರೂ ಬಿಡದೆ ದವಡೆಯಲ್ಲಿ ಒತ್ತಿಟ್ಟುಕೊಂಡೇ ಮಾತಾಡುತ್ತಿದ್ದಳು. ಮಾತು ಒಂದಿಷ್ಟು ತೊದಲುತ್ತಿತ್ತು. ಕೇಳಿದಾಗ ತಾಯಿಯ ಅಂಗೈಗೆ ಉಗುಳುವಳು, ಗಳಿಗೆ ಬಿಟ್ಟು ಮತ್ತೆ ಕೇಳುವಳು. ದೊಡ್ಡವಳಾಗಿ ದಾರದಲ್ಲಿ ಹಾಕಿಕೊಂಡ ಮೇಲೂ, ಯೋಚನೆಗೆ ಬಿದ್ದರೆ ಅದು ತಾನಾಗಿ ಬಾಯಿಗೆ ಹೋಗುತ್ತಿತ್ತು. ಕಡೆಯ ಒಂಬತ್ತು ದಿನ ಮಾತು ನಿಂತ ಮೇಲೂ ಅವಳ ದವಡೆ ಅಲುಗುತ್ತಿತ್ತು.

ಗೌರಾಬಾಯಿ ಅದನ್ನು ಬೆಳಕಿಗೆ ಹಿಡಿದಳು. ಹಲ್ಲು ತಾಗಿ ಸವೆದ ಒಂದು ಕಡೆ ಗಾಜು ಮಂಕಾಗಿತ್ತು. ಬೆರಳಿಗೆ ತೇವ ತಾಗಿತು. ಎರಡು ವರ್ಷ ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ತೇವ ಎಲ್ಲಿಂದ ಎಂದು ಅವಳು ಕೇಳಿಕೊಳ್ಳಲಿಲ್ಲ.

ಹಡೆದವಳನ್ನು ಕೇಳಬೇಕಿತ್ತು, ಹಡೆದವಳು ತಾನೇ. ಕೇಳಿದಳು. ಇದೇನು ಬಿಡು, ಗಾಜಿನ ಚೂರು ಎಂದಳು ಹಡೆದವಳು. ಭೀಮಾಬಾಯಿಯ ಹುಣಸೆಕಾಯಿ, ಅವಳ ನಗು, ನನಗೂ ಇದೊಂದ ಕೂಸ್ರಿ ಎಂಬ ಮಾತು ಎಲ್ಲ ನೆನಪಿತ್ತು. ನೆನಪಿದ್ದೂ ಅವಳು ಕಾಲುಂಗರವನ್ನು ತಟ್ಟೆಯಿಂದ ತೆಗೆದು ಗಂಟಿನಲ್ಲಿಟ್ಟಳು. ಕೆಂಪು ರೇಷ್ಮೆ ದಾರಕ್ಕೆ ಮೇಣ ಉಜ್ಜಿ, ಟಾಕು ಹಾಕಿ, ಪಕ್ಕದಲ್ಲಿ ನೀಲಿ ಮಣಿ ಪೋಣಿಸಿದಳು. ಗಂಟು ಹಾಕುವಾಗ ಮಾತ್ರ ಒಂದು ಸಲ ಮೆಲ್ಲಗೆ, "ಬಾ," ಎಂದಳು.

ಮದುವೆ ಆಯಿತು. ಗೌರಾಬಾಯಿ ಸೀರೆ ಉಡಿಸಿ, ಸಕ್ಕುವಿನ ಜಾಗದವಳೆಂದು ಉಡಿ ತುಂಬಿ ಬಂದಳು. ಎರಡನೆಯವಳಿಗೆ ಮೊದಲನೆಯವಳ ತವರೂ ತವರೇ. ಹಾಗಾಗಿ ತಿಂಗಳೊಪ್ಪತ್ತಿಗೆ ಭೀಮಾಬಾಯಿ ಉಗಾರದಿಂದ ಬಸ್ಸಿಗೆ ಬಂದಾಗ ಓಣಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಬಂದವಳು ಕಟ್ಟೆಯ ಮೇಲೆ ಕೂತು, ದೊಡ್ಡವ್ವ ಹೆಂಗದೀರಿ ಎಂದಳು. ಚಹಾ ಕುಡಿದು, ಎಡಗೈಯಿಂದ ಕಪ್ಪು ಕೆಳಗಿಟ್ಟಳು. ಮಾತಿನ ನಡುವೆ ಒಮ್ಮೆ ಮಣಿ ಎತ್ತಿ ತುಟಿಗೆ ಮುಟ್ಟಿಸಿಕೊಂಡಳು, ಸೆಕೆಗೆ ಸೆರಗು ಎತ್ತಿದಂತೆ. ಗೌರಾಬಾಯಿ ಪೋಣಿಸುವುದನ್ನು ಬಿಟ್ಟು ಆ ತುಟಿಯನ್ನೇ ನೋಡಿದಳು.

ಎರಡನೆಯ ಸಲ ಬಂದಾಗ ಹೊತ್ತು ನೆತ್ತಿಗೇರಿತ್ತು, ಓಣಿ ಖಾಲಿ ಇತ್ತು. ಅವಳು ಏನೂ ಹೇಳದೆ ಎದುರು ಕೂತು, ಗೌರಾಬಾಯಿಯ ಹೆಬ್ಬೆರಳಿನಿಂದ ದಾರ ಬಿಡಿಸಿಕೊಂಡಳು. ಬಲಗೈಯಲ್ಲಿ ಹಿಡಿದು, ಒಂದಿಷ್ಟೂ ಅಲುಗದೆ ಕೂತಳು. ದವಡೆ ಉಬ್ಬಿತ್ತು.

"ಕಾಲ ಬ್ಯಾನಿ ಆಗತೈತಿ ಬೇ," ಎಂದಳು. ಮಾತು ಒಂದಿಷ್ಟು ತೊದಲಿತು.

ಅಂದು ಸಂಜೆಯವರೆಗೂ ಗೌರಾಬಾಯಿ ಪೋಣಿಸಿದಳು. ಪೋಣಿಸಲು ಮಣಿ ಉಳಿಯದಿದ್ದಾಗ ಪೋಣಿಸಿದ್ದನ್ನು ಬಿಚ್ಚಿ ಮತ್ತೆ ಪೋಣಿಸಿದಳು.

ಆಮೇಲೆ ಬಂದಾಗಲೆಲ್ಲ ಅವಳು ಯವ್ವಾ ಎಂದೇ ಕರೆದಳು. ಅಟ್ಟದ ಮೇಲಿನ ಉಪ್ಪಿನಕಾಯಿ ಗಡಿಗೆ ಎಲ್ಲಿದೆ ಎಂದು ಕೇಳದೆ ತೆಗೆದಳು. ಪಕ್ಕದ ಮನೆಯ ಸತ್ತ ಮುದುಕಿಯ ನಡಿಗೆಯನ್ನು ಮಾಡಿ ತೋರಿಸಿದಳು, ಸಕ್ಕು ಮಾಡುತ್ತಿದ್ದಂತೆ. ಗೌರಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ಅವಳ ನೆರಳಿನ ಕಡೆ ನೋಡಿದಳು. ಭೀಮಾಬಾಯಿ ಎತ್ತರದವಳು. ಗೋಡೆಯ ಮೇಲಿನ ನೆರಳು ಗಿಡ್ಡವಾಗಿತ್ತು.

ನಾಮದೇವ ಮಾತ್ರ ಅವಳು ಬಂದಾಗ ಒಳಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಹೆಂಡತಿಯ ಕೆಲಸದಲ್ಲಿ ಎಂದೂ ಬಾಯಿ ಹಾಕದವನು ಒಂದು ದಿನ ಕೇಳಿದ, "ಅದರಾಗ ನೀ ಏನ ಹಾಕೀದಿ?"

"ಕಾಲುಂಗರ."

"ಕಾಲುಂಗರ ಪೆಟಿಗ್ಯಾಗ ಐತಿ. ನಾ ನೋಡೀನಿ," ಎಂದ ನಾಮದೇವ. ಮತ್ತೆ ತಲೆ ತಗ್ಗಿಸಿ ಹೇಳಿದ. "ನನಗೂ ಆಸೆ ಆಗತೈತಿ ಗೌರಾ. ಅದಕ್ಕ ನಾ ಹೊರಗ ಬರೂದಿಲ್ಲ."

ಇನ್ನೊಂದು ತಿಂಗಳು, ಎಂದುಕೊಂಡಳು ಗೌರಾಬಾಯಿ. ಹಾಗೆ ಅಂದುಕೊಂಡಾಗ ಅಥಣಿಯ ಆ ಹೆಂಗಸಿನ ಮುಖ ನೆನಪಾಯಿತು. ಅದನ್ನೂ ದೂಡಿದಳು.

ಚೈತ್ರದ ಬಿಸಿಲಲ್ಲಿ ಕೆಂಪವ್ವ ಒಬ್ಬಳೇ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಗೋಡೆಗೆ ಒರಗಿದಳು. ಬಡಕಲಾಗಿದ್ದಳು.

"ಉಗಾರಕ್ಕ ಹೋಗಿದ್ನಿರಿ," ಎಂದಳು. "ಬಾಗಲಾಗ ನಿಂತಿದ್ಲು. ನನ್ನ ನೋಡಿ, 'ಬರ್ರಿ ಕೆಂಪವ್ವಾರ, ಕುಂದರ್ರಿ' ಅಂದ್ಲು. ಹೊರಗಿನವರಿಗೆ ಅಂದಂಗ. ನನಗ ಚಾಷ್ಟಿ ಮಾಡಾಕತ್ತಾಳ ಅಂತ ನಾ ನಕ್ಕೆ. ಆಕಿ ನಗಲಿಲ್ಲ. ನೀರ ಕೊಟ್ಲು, ಬಲಗೈಲೇ ಕೊಟ್ಲು. ಹುಟ್ಟಿದಾಗಿಂದ ಬಡದ ಕಲಸಾಕ ನೋಡೀನಿ, ಬಲಗೈ ಬಂದಿರಲಿಲ್ಲರಿ ಆಕಿಗೆ."

ಗೌರಾಬಾಯಿ ದಾರ ಕೆಳಗಿಟ್ಟಳು.

"ಅಳಿಯಗ ಕೇಳಿದ್ನಿ. ಅಂವಾ ನೆಲಾ ನೋಡ್ತಾನ. 'ಛಲೋ ಅದಾಳ್ರಿ, ಮನ್ಯಾಗ ಎಲ್ಲಾ ಮೊದಲಿನಂಗ ಐತಿ' ಅಂತಾನ. ಮೊದಲಿನಂಗ ಅಂದ್ರೇನ್ರಿ? ನನ್ನ ಮಗಳ ಹೋಗಿ ಐದ ತಿಂಗಳ ಆಗೇತಿ, ಮೊದಲಿಂದ ಎಲ್ಲಿಂದ ಬಂತು?" ಕೆಂಪವ್ವನಿಗೆ ಅಳು ಬರುತ್ತಿರಲಿಲ್ಲ. "ಆಕಿ ಸತ್ತಿದ್ರ ಮಣ್ಣರ ಹಾಕತಿದ್ನಿ ಅಕ್ಕಾರ. ಕಣ್ಣ ಮುಂದ ನಿಂತಾಳ, ನನ್ನ ಗುರತಿಲ್ಲ. ನಿಮಗಾದ್ರೂ ಒಂದ ಪೆಟಿಗಿ ಬಂತು. ನನಗ ಅದೂ ಬರಲಿಲ್ಲ."

ಗೌರಾಬಾಯಿ ಗೋಡೆಯ ಗೂಡಿನ ಬಾಟಲಿಗಳನ್ನು ನೋಡುತ್ತಿದ್ದಳು. ಹೇಳಬೇಕಾದ್ದು ಒಂದೇ ಮಾತು. ಅದನ್ನು ಹೇಳಿದರೆ ಸಕ್ಕು ಎರಡನೆಯ ಸಲ ಹೋಗುತ್ತಾಳೆ, ಈ ಸಲ ಕಳಿಸುವವಳು ತಾನೇ. ಹೇಳದಿದ್ದರೆ ನಾಳೆಯೋ ನಾಡಿದ್ದೋ ಮಗಳು ಬಸ್ಸಿಳಿದು ಓಣಿಯಲ್ಲಿ ಬರುತ್ತಾಳೆ.

"ತಪ್ಪ ನಂದ ಐತಿ," ಎಂದಳು. "ನಾ ಗೊತ್ತಿದ್ದ ಹಾಕೇನಿ."

ಕೆಂಪವ್ವ ಅವಳನ್ನೇ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡಳು ಗೌರಾಬಾಯಿ. ಕೆಂಪವ್ವ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. "ಏಳ್ರಿ," ಎಂದಳು. "ಬಸ್ಸ ಐತಿ ಈಗ."

ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋದರು. ಹಂಗಾಮು ಮುಗಿದು ಗದ್ದೆಗಳು ಬೋಳಾಗಿದ್ದವು. ಅಲ್ಲಲ್ಲಿ ಕಬ್ಬಿನ ಒಣಗರಿಯ ರವದಿ ಸುಟ್ಟ ಕಪ್ಪು ಬೂದಿ ಹಾರಿ ಕಿಟಕಿಯಿಂದ ಒಳಗೆ ಬೀಳುತ್ತಿತ್ತು. ಗೌರಾಬಾಯಿಯ ಸೊಂಟದಲ್ಲಿ ಕತ್ತರಿ ಇತ್ತು, ಕಾಲುಂಗರದ ಗಂಟು ಇತ್ತು.

ಉಗಾರದಲ್ಲಿ ಇಳಿದಾಗ ಕಾರ್ಖಾನೆಯ ಭೋಂಗಾ ಕೂಗಿ ನಿಂತಿತ್ತು. ಅಣ್ಣಾಸಾಬ ಪಾಳಿಗೆ ಹೋಗಿದ್ದ. ಕೆಂಪವ್ವ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು. "ನಾ ಒಳಗ ಬರೂದಿಲ್ಲರಿ. ಇನ್ನೊಮ್ಮೆ ಆಕಿ ನನಗ ಬರ್ರಿ ಅಂದ್ರ ತಡಕೊಳ್ಳೂದಾಗೂದಿಲ್ಲ."

ಒಳಗೆ ತಂಪಿತ್ತು. ಮೊರದಲ್ಲಿ ಜೋಳ ಹಸನು ಮಾಡುತ್ತ ಅವಳು ಕೂತಿದ್ದಳು. ತಲೆ ಎತ್ತದೆಯೇ, "ಯವ್ವಾ, ಬಂದ್ಯಾ?" ಎಂದಳು. ದವಡೆಯಲ್ಲಿ ಮಣಿ ಇತ್ತು. ಮತ್ತೆ, "ಕತ್ತರಿ ಯಾಕ ತಂದಿ?" ಎಂದಳು. ಕತ್ತರಿ ಸೆರಗಿನ ಒಳಗಿತ್ತು.

ಗೌರಾಬಾಯಿ ಎದುರು ಕೂತಳು. ಆ ಕಣ್ಣು ಭೀಮಾಬಾಯಿಯದು, ನೋಡುತ್ತಿದ್ದವಳು ಸಕ್ಕು.

"ಸಕ್ಕು, ಆ ಹುಡುಗಿ ಎಲ್ಲಿ ಅದಾಳ?"

"ನಾ ಇದ್ದಲ್ಲಿ."

"ಒಬ್ಬಾಕೀನ?"

"ಒಬ್ಬಾಕೀನ. ಅಲ್ಲಿ ಮಾತಾಡಾಕ ಯಾರೂ ಇರೂದಿಲ್ಲ." ಮೊರ ಅಲುಗಿಸಿ ಹೊಟ್ಟು ಊದಿದಳು. "ಅವರವ್ವನ್ನ ಕರೀತಾಳ. ಮೊದಲ ನಾನೂ ಹಂಗ ಕರೀತಿದ್ನಿ. ನಿನಗ ಕೇಳಸ್ತಿರಲಿಲ್ಲ."

ಹೊರಗೆ ಕಟ್ಟೆಯ ಮೇಲೆ ಕೆಂಪವ್ವ ಕೆಮ್ಮಿದ್ದು ಕೇಳಿಸಿತು. ಎರಡು ವರ್ಷ ತನಗೆ ಕೇಳಿಸದಂಥದೇ ಕೂಗು ಈಗ ಆ ಹೆಂಗಸಿಗೆ ಕೇಳಿಸುತ್ತಿಲ್ಲ ಎಂದು ಗೌರಾಬಾಯಿಗೆ ಅನ್ನಿಸಿತು. ಅಷ್ಟೇ ಅವಳು ಯೋಚಿಸಿದ್ದು. ಅಂಗೈ ಚಾಚಿದಳು.

"ಉಗಳ ಸಕ್ಕು."

"ಮತ್ತ ಕಳಸ್ತೀಯೇನ ಬೇ?" ದನಿಯಲ್ಲಿ ಸಿಟ್ಟಿರಲಿಲ್ಲ. ಕೂಸು ಕೇಳಿದಂತೆ ಕೇಳಿದಳು. "ನೀನ ಬಾ ಅಂದಿ. ಅದಕ್ಕ ಬಂದ್ನಿ."

"ಹೌದು, ನಾನ ಅಂದೆ. ನಾ ಅನಬಾರದಿತ್ತು."

ಅವಳು ತಾಯಿಯನ್ನು ನೋಡಿದಳು. ಜೋಳದ ಮೊರದ ಮೇಲೆ ಒಂದು ನೊಣ ನಡೆಯುತ್ತಿತ್ತು. ಆಮೇಲೆ ಬಾಗಿ, ಚಿಕ್ಕಂದಿನಂತೆ, ಅಂಗೈಗೆ ಉಗುಳಿದಳು. ಮಣಿ ಬಿಸಿಯಾಗಿತ್ತು, ಒದ್ದೆಯಾಗಿತ್ತು. ಕೈ ಮುಚ್ಚಿಕೊಂಡೇ ಗೌರಾಬಾಯಿ ಇನ್ನೊಂದು ಕೈಯಿಂದ ದಾರ ಕತ್ತರಿಸಿದಳು. ಕೂದಲು ಕತ್ತರಿಸಿದಷ್ಟು ಸದ್ದಾಯಿತು.

ಹುಡುಗಿ ಹಿಂದಕ್ಕೆ ಗೋಡೆಗೆ ವಾಲಿದಳು. ಉಸಿರಾಡುತ್ತಿದ್ದಳು, ಕಣ್ಣು ಮುಚ್ಚಿತ್ತು. ಗೌರಾಬಾಯಿ ಮಣಿಯನ್ನು ಸೆರಗಿಗೆ ಗಂಟು ಹಾಕಿ, ಟಾಕಿನ ಪಕ್ಕದಲ್ಲಿ ಕಾಲುಂಗರ ಹಾಕಿ, ದಾರ ಕೂಡಿಸಿ ಮೂರು ಗಂಟು ಬಿಗಿದಳು. ಕೊರಳಿಗೆ ಹಾಕಿ, ಮುಖಕ್ಕೆ ನೀರು ಚಿಮುಕಿಸಿ, ಕಾದು ಕೂತಳು.

ಹೊರಗೆ ಒಂದು ಟ್ರ್ಯಾಕ್ಟರ್ ಬಂದು, ದೂರ ಹೋಗಿ, ಸದ್ದಡಗಿತು. ಹುಡುಗಿ ಕಣ್ಣು ತೆರೆದಳು. ಬಾಯಾರಿದವಳಂತೆ ನಾಲಗೆಯಿಂದ ತುಟಿ ಸವರಿಕೊಂಡಳು. ಬಹಳ ದೂರ ನಡೆದು ಬಂದವಳಂತೆ ಪಾದಗಳನ್ನು ಹತ್ತಿರ ಎಳೆದುಕೊಂಡು ಉಜ್ಜಿಕೊಂಡಳು. ಎದುರಿಗಿದ್ದ ಗೌರಾಬಾಯಿಯನ್ನು ನೋಡಿದರೂ ಕಣ್ಣು ಅಲ್ಲಿ ನಿಲ್ಲದೆ ಮೂಲೆಮೂಲೆ ಹುಡುಕಿತು.

"ನಮ್ಮವ್ವ ಎಲ್ಲಿ?" ಎಂದಳು.

ಇಲ್ಲೇ ಅದೀನಿ ಎನ್ನಲು ಗೌರಾಬಾಯಿಯ ಬಾಯಿ ತೆರೆದಿತ್ತು. ಅದನ್ನು ಮುಚ್ಚಿಕೊಂಡಳು.

"ಹೊರಗ ಕಟ್ಟಿಮ್ಯಾಲ ಕುಂತಾಳ," ಎಂದಳು. "ತಡಿ, ಕರೀತೀನಿ."

ಅವಳು ಎದ್ದು ಬಾಗಿಲಿಗೆ ಹೋದಳು. ಕೆಂಪವ್ವನನ್ನು ಒಳಗೆ ಕಳಿಸಿ, ತಾನು ಹೊರಗೇ ಉಳಿದಳು.